ಡಾಕ್ಟ್ರು ಎರಡು ಸಲ ಕಟ್ಟಿದ ಸೂಪರ್

ಡಾಕ್ಟ್ರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಬ್ರಿಸ್ಬೇನ್‌ನಿಂದ ಫೋನ್ ಮಾಡಿ ತಿಳಿಸಿದಳು. ಪರ್ತ್‌ನ ಸದರ್ನ್ ರಿವರ್‌ನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಆಗ ಎದುರಿಗೆ ಒಬ್ಬ ಟ್ರಕ್ ಡ್ರೈವರ್ ಕೂತಿದ್ದ. ಅವನ ಟ್ಯಾಕ್ಸ್ ರಿಟರ್ನಿನ ಮಧ್ಯದಲ್ಲಿದ್ದೆ. ಫೋನ್ ಇಟ್ಟ ಮೇಲೆ ಅವನ ಡೀಸೆಲ್ ರಸೀದಿಗಳನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸುತ್ತಿದ್ದೆನಂತೆ. "ಯೂ ರೈಟ್, ಲವ್?" ಎಂದು ಅವನು ಕೇಳಿದಾಗಲೇ ನನ್ನ ಕಣ್ಣು ತುಂಬಿರುವುದು ನನಗೆ ಗೊತ್ತಾದದ್ದು.

ಅವರ ಬಗ್ಗೆ ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದೆ. ಟ್ಯಾಕ್ಸ್ ಏಜೆಂಟ್ ಆದವಳು ಗಿರಾಕಿಗಳ ವಿಷಯವನ್ನು ಹೊರಗೆ ಆಡಬಾರದು. "ಬರೀರಿ. ಅವರೇ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ರಲ್ಲ. ಹೆಸರು ಮಾತ್ರ ಬೇಡ" ಅಂದರು. ಹಾಗಾಗಿ ಇಲ್ಲಿ ಅವರು ಬರೀ ಡಾಕ್ಟ್ರು. ನಾನು ಕರೆಯುತ್ತಿದ್ದುದೂ ಹಾಗೆಯೇ.

ಅವರು ವಯಸ್ಸಾದವರ ಡಾಕ್ಟರು. ಅದರಲ್ಲೂ ಮರೆವಿನ ಕಾಯಿಲೆ ಅವರ ವಿಷಯ. ಮೈಸೂರಿನಲ್ಲಿ ಓದಿ, ಅಡಿಲೇಡ್‌ನಲ್ಲಿ ತರಬೇತಿ ಮುಗಿಸಿ, ಪರ್ತ್‌ಗೆ ಬಂದು ಎಲೆನ್‌ಬ್ರೂಕ್‌ನಲ್ಲಿ ಮನೆ ಮಾಡಿದ್ದರು. ನನಗೆ ಅವರ ಪರಿಚಯವಾದದ್ದು ನನ್ನ ಅಮ್ಮನಿಂದ. ನಮ್ಮದು ಉಡುಪಿ ಕಡೆಯ ಕ್ರಿಶ್ಚಿಯನ್ ಕುಟುಂಬ. ನನ್ನ ಗಂಡನ ಕೆಲಸದ ಹಿಂದೆ ಮೊದಲು ಮಸ್ಕತ್‌ಗೆ, ಅಲ್ಲಿಂದ ಇಲ್ಲಿಗೆ ಬಂದವರು. ಅಪ್ಪ ಹೋದ ಮೇಲೆ ಅಮ್ಮನನ್ನು ಕರೆಸಿಕೊಂಡೆ. ಬಂದು ಎರಡು ವರ್ಷಕ್ಕೆ ಅವಳಿಗೆ ಮಾತಿನ ಮಧ್ಯೆ ದಾರಿ ತಪ್ಪಲು ಶುರುವಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಅಮ್ಮ ಸಿಟ್ಟಿನಲ್ಲಿದ್ದಳು. ಇವತ್ತು ಯಾವ ವಾರ, ನಾವು ಯಾವ ಊರಿನಲ್ಲಿದ್ದೇವೆ ಎಂದು ನರ್ಸ್ ಕೇಳಿದ್ದೇ ತಡ, "ನಾನೆಂತ ಸಣ್ಣ ಮಗುವಾ, ಪರೀಕ್ಷೆ ಮಾಡ್ಲಿಕ್ಕೆ?" ಎಂದು ಮುಖ ತಿರುಗಿಸಿ ಕೂತಳು. ಆಗ ಡಾಕ್ಟ್ರು ಬಂದರು. ಮೇಜಿನ ಆಚೆ ಇದ್ದ ಕುರ್ಚಿಯನ್ನು ಎಳೆದು ಅಮ್ಮನ ಪಕ್ಕಕ್ಕೆ ಹಾಕಿಕೊಂಡು ಕೂತರು.

"ಪರೀಕ್ಷೆ ಬೇಡ ಬಿಡಿ ಅಮ್ಮ. ನಿಮ್ಮ ಕಡೆ ಬಂಗುಡೆ ಸಾರು ಭಾರಿ ಚೆನ್ನಾಗಿ ಮಾಡ್ತಾರಂತಲ್ಲ, ಹೆಂಗೆ ಮಾಡೋದು ಸ್ವಲ್ಪ ಹೇಳ್ಕೊಡಿ."

ಈ ದೇಶದಲ್ಲಿ, ಆ ಆಸ್ಪತ್ರೆಯಲ್ಲಿ, ಯಾರೋ ತನ್ನ ಹತ್ತಿರ ಕನ್ನಡದಲ್ಲಿ ಬಂಗುಡೆ ಸಾರು ಕೇಳಿದ್ದಕ್ಕೆ ಅಮ್ಮ ಹಿಗ್ಗಿಹೋದಳು. ಮೆಣಸು ಹುರಿಯುವುದರಿಂದ ಶುರು ಮಾಡಿದಳು. ಕೊತ್ತಂಬರಿ, ಜೀರಿಗೆ, ತೆಂಗಿನಕಾಯಿ, ಹುಳಿ, ಎಲ್ಲ ನುಣ್ಣಗೆ ಅರೆಯಬೇಕು. ಕುದಿಸಬೇಕು. ಅಲ್ಲಿಗೆ ನಿಂತಳು.

"ಆಮೇಲೆ?"

"ಆಮೇಲೆಂತ? ಬಡಿಸುವುದು."

ಮೀನು ಹಾಕಿರಲೇ ಇಲ್ಲ. ಡಾಕ್ಟ್ರು ನಕ್ಕು, "ನಾನು ಮೀನು ತಿನ್ನಲ್ಲಮ್ಮ. ನಂಗೆ ಇದೇ ಸರಿಯಾಯ್ತು" ಅಂದರು. ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ಹೊರಡುವಾಗ ಅವರ ಕೈ ಹಿಡಿದು ಒಮ್ಮೆ ಮನೆಗೆ ಊಟಕ್ಕೆ ಬನ್ನಿ ಎಂದು ಕರೆದಳು.

ಆಚೆ ಬಂದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಮೊದಲ ಪ್ರಶ್ನೆ ನನಗೆ ವಿಚಿತ್ರವಾಗಿ ಕಂಡಿತ್ತು. "ಅಂಗಡೀಲಿ ಚಿಲ್ಲರೆ ಸರಿಯಾಗಿ ಎಣಿಸ್ತಾರಾ? ಊರಲ್ಲಿದ್ದಾಗ ಮನೆ ಕರೆಂಟ್ ಬಿಲ್ಲು ಯಾರು ಕಟ್ತಿದ್ರು?" ಯಾಕೆ ಎಂದು ಕೇಳಿದ್ದಕ್ಕೆ ಹೇಳಿದರು: "ಹೆಸರು ಮರೆಯೋದು ನಿಮಗೂ ಇದೆ ನಂಗೂ ಇದೆ. ಅದನ್ನ ನಾನು ಅಷ್ಟು ತಲೆಗೆ ಹಚ್ಕೊಳಲ್ಲ. ಜೀವಮಾನ ಎಲ್ಲ ದುಡ್ಡನ್ನ ಅಚ್ಚುಕಟ್ಟಾಗಿ ನೋಡ್ಕೊಂಡೋರು ದುಡ್ಡಲ್ಲಿ ಎಡವಿದ್ರೆ ಮಾತ್ರ ನಂಗೆ ಕಿವಿ ನೆಟ್ಟಗಾಗುತ್ತೆ. ಮೊದಲು ಬಿರುಕು ಬಿಡೋದು ಅಲ್ಲೇ. ಮನೆಯವರು ಮಾತ್ರ ಅದನ್ನ ಬೇರೆ ಏನೋ ಅಂದ್ಕೊಂಡು ಜಗಳ ಆಡ್ತಿರ್ತಾರೆ."

ನಾನು ಟ್ಯಾಕ್ಸ್ ಕೆಲಸ ಮಾಡುವವಳು ಎಂದು ತಿಳಿದ ಮೇಲೆ ಅವರು ನನ್ನ ಗಿರಾಕಿಯಾದರು. ವರ್ಷಕ್ಕೊಂದು ಸಲ ಎಲೆನ್‌ಬ್ರೂಕ್‌ನಿಂದ ಇಡೀ ಪರ್ತ್ ದಾಟಿ ಬರುವರು. ಕಾರು ಎಷ್ಟು ನಿಧಾನವೆಂದರೆ ಹಿಂದಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಬದಿಯಿಂದ ಹೋಗುತ್ತಿದ್ದರಂತೆ. ಒಂದು ಬಟ್ಟೆ ಚೀಲದಲ್ಲಿ ಕಾಗದಪತ್ರ, ಇನ್ನೊಂದರಲ್ಲಿ ಬದನೆಕಾಯಿ. ಎಲೆನ್‌ಬ್ರೂಕ್‌ನ ಆ ಬರೀ ಮರಳಿನ ಹಿತ್ತಲಿಗೆ ಎಲ್ಲಿಂದಲೋ ಗೊಬ್ಬರ, ಕೆಮ್ಮಣ್ಣು ತಂದು ಸುರಿದು ಮೈಸೂರಿನ ಹಸಿರು ಬದನೆ ಬೆಳೆಸುವ ಹುಚ್ಚು ಅವರಿಗೆ. ಬೆಳೆದದ್ದು ನೇರಳೆ ಬಣ್ಣಕ್ಕೆ ತಿರುಗಿದರೂ "ಇದು ಈರನಗೆರೆ ಬದನೆನೇ. ವೀಸಾ ಸಿಕ್ಕ ಮೇಲೆ ಬಣ್ಣ ಬದಲಾಗಿದೆ ಅಷ್ಟೆ" ಅನ್ನುವರು.

ನನ್ನ ಕನ್ನಡ ಅವರಿಗೆ ತಮಾಷೆ. "ಉಂಟು" ಎಂದು ನಾನು ಹೇಳಿದಾಗಲೆಲ್ಲ, "ಮೇಡಂ, ನಿಮ್ ಜೊತೆ ಮಾತಾಡಿದ್ರೆ ಏಳನೇ ಕ್ಲಾಸಿನ ಪಾಠ ಓದಿದಂಗಾಗುತ್ತೆ" ಎಂದು ಛೇಡಿಸುವರು. ಮೇಡಂ ಅನ್ನುವುದು ಬರಬರುತ್ತ "ಏನಮ್ಮ", "ನೋಡಮ್ಮ" ಆಯಿತು. ಅಮ್ಮ ತೀರಿಕೊಂಡಾಗ ಚರ್ಚಿನ ಕೊನೆಯ ಬೆಂಚಿನಲ್ಲಿ ಪೂಜೆ ಮುಗಿಯುವವರೆಗೂ ಕೂತಿದ್ದು, ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ಪಕ್ಕದವರನ್ನು ನೋಡಿ ನೋಡಿ ಮಾಡುತ್ತಿದ್ದರು.

ಇಲ್ಲಿ ಸೂಪರ್ ಎಂದರೇನೆಂದು ಹೇಳಿಬಿಡಬೇಕು. ಆಸ್ಟ್ರೇಲಿಯಾದಲ್ಲಿ ಕೆಲಸ ಕೊಟ್ಟವರು ಸಂಬಳದ ಜೊತೆ ಒಂದು ಪಾಲನ್ನು ನಮ್ಮ ನಿವೃತ್ತಿಯ ಖಾತೆಗೆ ಹಾಕಲೇಬೇಕು. ಅದೇ ಸೂಪರ್, ಅದನ್ನು ನೋಡಿಕೊಳ್ಳುವ ಕಂಪನಿಯೇ ಫಂಡು. ಬೇಕಿದ್ದರೆ ನಾವೂ ನಮ್ಮ ಉಳಿತಾಯದಿಂದ ಹಾಕಬಹುದು. ಎರಡಕ್ಕೂ ಮಿತಿಯಿದೆ. ಮೀರಿದರೆ ಟ್ಯಾಕ್ಸ್ ಆಫೀಸು ಹಿಡಿಯುತ್ತದೆ.

ಡಾಕ್ಟ್ರು ಎರಡು ಆಸ್ಪತ್ರೆಗಳಲ್ಲೂ ಒಂದು ಖಾಸಗಿ ಕ್ಲಿನಿಕ್ಕಿನಲ್ಲೂ ಕೆಲಸ ಮಾಡುತ್ತಿದ್ದರು. ಮೂವರೂ ಅವರವರ ಪಾಲನ್ನು ಹಾಕಿ, ನನ್ನ ಹತ್ತಿರ ಬಂದ ಮೊದಲ ವರ್ಷವೇ ಮಿತಿ ಮೀರಿ, ಹೆಚ್ಚಿನ ಟ್ಯಾಕ್ಸ್ ಬಂದಿತ್ತು. "ನಾನೇನು ತಪ್ಪು ಮಾಡಿದೆ?" ಎಂದರು. ನೀವು ಏನೂ ಮಾಡಿಲ್ಲ, ಮೂವರು ಕೊಟ್ಟದ್ದು ಒಟ್ಟಾಗಿ ಹೆಚ್ಚಾಯಿತು ಎಂದು ವಿವರಿಸಿದೆ. "ಓಹೋ. ಪಂಕ್ತೀಲಿ ಮೂರು ಜನ ಒಟ್ಟಿಗೆ ಬಂದು ಬಡಿಸಿದ್ರು. ಎಲೆ ತುಂಬಿ ಹೊರಗೆ ಹರೀತು" ಎಂದು ನಕ್ಕರು. ಮುಂದಿನ ವರ್ಷದಿಂದ ಒಬ್ಬರು ಹಾಕದೆ ಇರುವಂತೆ ಟ್ಯಾಕ್ಸ್ ಆಫೀಸಿನಿಂದ ಅನುಮತಿ ತರಿಸಿಕೊಟ್ಟೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಇಡೀ ನಿಯಮ ಓದಿದರು. ಮನೆಗೆ ಬಾರ್ಬೆಕ್ಯೂ ಊಟಕ್ಕೆ ಬಂದ ಕನ್ನಡದ ಡಾಕ್ಟರುಗಳನ್ನೆಲ್ಲ ಹಿತ್ತಲಲ್ಲಿ ಕೂರಿಸಿ, ಕೈಯಲ್ಲಿ ಇಕ್ಕಳ ಹಿಡಿದುಕೊಂಡು ಸೂಪರ್ ಮಿತಿಯ ಬಗ್ಗೆ ಪಾಠ ಮಾಡಿದರು. ಆ ವರ್ಷ ನನಗೆ ಹೊಸ ಗಿರಾಕಿಗಳೋ ಗಿರಾಕಿಗಳು. ಡಾಕ್ಟ್ರಿಗೆ ಈ ವಿಷಯ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಅರವತ್ತು ದಾಟಿದ ಮೇಲೆ ಅವರು ಅಡಿಲೇಡ್‌ನ ಮನೆ ಮಾರಿದರು. ತರಬೇತಿಯ ಕಾಲದಲ್ಲಿ ಕೊಂಡು ಬಾಡಿಗೆಗೆ ಕೊಟ್ಟಿದ್ದ ಮನೆ. ಬಂದ ಹಣದಲ್ಲಿ ಮಿತಿಯೊಳಗೆ ಎಷ್ಟು ಹಾಕಬಹುದೋ ಅಷ್ಟನ್ನು ಸೂಪರ್‌ಗೆ, ಹೆಚ್ಚುಕಡಿಮೆ ಅಷ್ಟೇ ಹಣ ಒಬ್ಬಳೇ ಮಗಳಿಗೆ ಎಂದು ತೀರ್ಮಾನ. ಮಗಳು ಅಳಿಯ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದು, ಆಫೀಸಿಗೆ ಹತ್ತಿರ ಅಲ್ಲೇ ಒಂದು ಮನೆ ನೋಡುತ್ತಿದ್ದರು. ನನ್ನ ಮುಂದೆಯೇ ಕೂತು ಮಿತಿಯನ್ನು ಲೆಕ್ಕ ಹಾಕಿಸಿಕೊಂಡು ಹೋದರು. ಮತ್ತೆ ಆ ವಿಷಯ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುವರ್ಷ ಟ್ಯಾಕ್ಸ್ ಆಫೀಸಿನಿಂದ ಸೂಚನೆ ಬಂತು. ನಾನು ಅವರ ಏಜೆಂಟ್ ಆದ್ದರಿಂದ ಮೊದಲು ನೋಡಿದವಳು ನಾನೇ. ಅವರು ಮಿತಿಯ ಸರಿಸುಮಾರು ಎರಡರಷ್ಟು ಹಣವನ್ನು ಸೂಪರ್‌ಗೆ ಹಾಕಿದ್ದರು. ತಕ್ಷಣ ಫೋನ್ ಮಾಡಿದೆ.

"ಡಾಕ್ಟ್ರೇ, ಸೂಪರ್‌ಗೆ ಎರಡು ಸಲ ಹಣ ಹಾಕಿದ್ದೀರಾ?"

"ಇಲ್ಲಮ್ಮ, ಒಂದೇ ಸಲ. ನೀವು ಹೇಳಿದಷ್ಟೇ."

"ಟ್ಯಾಕ್ಸ್ ಆಫೀಸಿನವರು ಎರಡು ಸಲ ಅಂತ ಹೇಳ್ತಾ ಇದ್ದಾರೆ."

"ಹಂಗಾದ್ರೆ ಫಂಡಿನವರು ಎಡವಟ್ಟು ಮಾಡಿದಾರೆ. ನಾನು ನೋಡ್ಕೋತೀನಿ ಬಿಡಿ."

ಸಂಜೆ ಅವರೇ ಫೋನ್ ಮಾಡಿದರು. ಫಂಡಿನ ಹುಡುಗಿಯೊಬ್ಬಳು ಎರಡೂ ಸಲ ಹಣ ಅವರ ಖಾತೆಯಿಂದಲೇ ಬಂದಿದೆ ಎಂದು ಹೇಳಿದ್ದಕ್ಕೆ ಬಾಯಿಗೆ ಬಂದಂತೆ ಬೈದಿದ್ದರು. "ಕಂಪ್ಲೇಂಟ್ ಕೊಡ್ತೀನಿ. ಕೆಲಸ ಬರದೇ ಇರೋರನ್ನ ತಂದು ಕೂರಿಸಿದಾರೆ" ಎನ್ನುವ ಅವರ ಗಂಟಲು ನನಗೆ ಹೊಸದು. ಅಷ್ಟು ವರ್ಷದಲ್ಲಿ ಅವರು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಶನಿವಾರ ನಾನೇ ಎಲೆನ್‌ಬ್ರೂಕ್‌ಗೆ ಹೋದೆ.

ಮನೆಯಲ್ಲಿ ಅವರೊಬ್ಬರೇ. ಮಗಳು ಗರ್ಭಿಣಿ ಎಂದು ಅವರ ಹೆಂಡತಿ, ನಾನು ಆಂಟಿ ಎಂದು ಕರೆಯುವವರು, ಬ್ರಿಸ್ಬೇನ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಹಿತ್ತಲ ಬದನೆ ಗಿಡಗಳು ಒಣಗಿದ್ದವು. ಟೀ ಮಾಡುತ್ತೇನೆಂದು ಅವರು ಫ್ರಿಜ್ ತೆಗೆದರು. ಒಳಗೆ ಬಾಗಿಲಿನ ತುಂಬ, ಶೆಲ್ಫುಗಳ ತುಂಬ, ಮುಚ್ಚಳ ತೆಗೆಯದ ಹಾಲಿನ ಬಾಟಲಿಗಳು. ನಾನು ನೋಡಿದ್ದನ್ನು ಅವರು ನೋಡಿದರು. ಬಾಗಿಲು ಹಾಕಿದರು.

ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಖಾತೆ ತೆಗೆಸಿದೆ. ಮೊದಲ ಸಲದ ಹಣ ಇತ್ತು. ಕೆಲವು ವಾರಗಳ ನಂತರ ಅದೇ ಸೂಪರ್ ಖಾತೆಗೆ ಇನ್ನೊಮ್ಮೆ ಹೋಗಿತ್ತು. ಎರಡನೆಯದರ ಪಕ್ಕದಲ್ಲಿ ಹಣ ಕಳಿಸುವವರು ಬರೆಯುವ ಜಾಗದಲ್ಲಿ ಅವರೇ ಟೈಪ್ ಮಾಡಿದ ಎರಡು ಪದಗಳಿದ್ದವು. ಮಗಳ ಹೆಸರು, ಮತ್ತು ಮನೆ.

ಡಾಕ್ಟ್ರು ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದು ಅವಳಿಗೆ ಕಳಿಸಿದ್ದು."

"ಹೌದು ಡಾಕ್ಟ್ರೇ. ಆದರೆ ಸೂಪರ್ ಖಾತೆಗೆ ಹೋಗಿದೆ."

"ಅವಳಿಗೆ ಸಿಕ್ಕಿಲ್ವಾ ಹಾಗಾದ್ರೆ?"

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. "ಒಂದು ವರ್ಷದಿಂದ ನನ್ನ ಮಗಳು ನನ್ನ ಹತ್ರ ನೆಟ್ಟಗೆ ಮಾತಾಡಿಲ್ಲ. ಫೋನ್ ಮಾಡಿದ್ರೆ ಅಮ್ಮನಿಗೆ ಕೊಡ್ತೀನಿ ಅಂತಾಳೆ. ದುಡ್ಡು ಇಸ್ಕೊಂಡು ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ, ಎಂಥ ಮಗಳನ್ನ ಬೆಳೆಸಿದೀನಿ ಅಂತ ನಾನು ಅವಳ ಮೇಲೆ ಸಿಟ್ಟಾಗಿದ್ದೆ."

ಸಮಾಧಾನ ಹೇಳಲು ಹೊರಟೆ. ಹಣ ಎಲ್ಲೂ ಹೋಗಿಲ್ಲ, ಹೆಚ್ಚಾದದ್ದನ್ನು ಸೂಪರ್‌ನಿಂದ ವಾಪಸ್ ತೆಗೆಯಬಹುದು ಎಂದೆ. ಆ ಹಣ ಅಲ್ಲಿದ್ದಷ್ಟು ಕಾಲ ಇಷ್ಟು ಗಳಿಸಿರಬಹುದು ಎಂದು ಟ್ಯಾಕ್ಸ್ ಆಫೀಸು ಒಂದು ಲೆಕ್ಕ ಹಾಕುತ್ತದೆ. ಆ ಗಳಿಕೆಗೆ ಮಾತ್ರ ಟ್ಯಾಕ್ಸ್. ತೆಗೆಯದೆ ಅಲ್ಲೇ ಬಿಟ್ಟರೆ ಹೆಚ್ಚಾದ ಹಣದ ಅರ್ಧಕ್ಕೆ ಸಮೀಪ ದಂಡವಾಗಿ ಹೋಗುತ್ತದೆ. ತೆಗೆದುಬಿಡೋಣ. "ಕಂಪ್ಯೂಟರಿನಲ್ಲಿ ಬೆರಳು ತಪ್ಪಿ ಪಟ್ಟಿಯ ಮೇಲಿನ ಹೆಸರು ಒತ್ತಿದ್ದೀರಿ, ಅಷ್ಟೇ. ಯಾರಿಗೂ ಆಗುವಂಥದ್ದು."

ಅವರು ತಿರುಗಿ ನನ್ನನ್ನು ನೋಡಿದರು. ಅಮ್ಮನ ಪಕ್ಕದಲ್ಲಿ ಕೂತಾಗ ಇದ್ದಂಥದೇ ಮೃದುವಾದ ಮುಖ.

"ಬೆರಳು ತಪ್ಪಿದ್ರೆ ಮಾರನೇ ದಿನ ಗೊತ್ತಾಗ್ತಿತ್ತಮ್ಮ. ಅವಳು ಬಂದಿಲ್ಲ ಅಂದಾಗ ಒಂದ್ಸಲ ತೆಗೆದು ನೋಡ್ತಿದ್ದೆ. ನಾನು ನೋಡಲೇ ಇಲ್ಲ. ರೇಗಿದೆ. ಫಂಡಿನ ಆ ಹುಡುಗಿ ಮೇಲೂ ರೇಗಿದೆ." ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಒಂದು ಕೆಲಸ ಮಾಡಿ. ಇದು ನನ್ನದು ಅಂತ ಮರೆತುಬಿಡಿ. ಯಾರೋ ಗುರುತಿಲ್ಲದ ಗಿರಾಕಿ ಖಾತೆ ಅಂದ್ಕೊಂಡು ಪೂರ್ತಿ ನೋಡಿ. ಇನ್ನೇನೇನು ತಪ್ಪಿದೆ ನಂಗೆ ಹೇಳಿ."

ನೋಡಿದೆ. ಮನೆಯ ವಿಮೆ ಎರಡು ಸಲ ಕಟ್ಟಿದ್ದರು. ನೀರಿನ ಬಿಲ್ಲು ಕಟ್ಟಿರಲಿಲ್ಲ. ವರ್ಷಗಳ ಹಿಂದೆ ಮಾರಿದ ಕಾರಿನ ಹೆಸರಿನಲ್ಲಿ ಯಾವುದೋ ಕಂಪನಿಗೆ ತಿಂಗಳು ತಿಂಗಳೂ ಹಣ ಹೋಗುತ್ತಿತ್ತು. ಒಂದೊಂದನ್ನು ಹೇಳಿದಾಗಲೂ ಅವರು "ಹೂಂ" ಅನ್ನುತ್ತಿದ್ದರು. ರೋಗಿಯ ಮನೆಯವರ ಮಾತಿಗೆ ಹೂಂಗುಟ್ಟುವ ಹಾಗೆ.

ಆಮೇಲೆ ನನ್ನ ಎದುರಿಗೇ ಆಸ್ಪತ್ರೆಯ ಮುಖ್ಯಸ್ಥೆಗೆ ಫೋನ್ ಮಾಡಿದರು. ಸೋಮವಾರದಿಂದ ತನ್ನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು, ಇದು ರಜೆಯಲ್ಲ, ಕಳೆದ ಒಂದು ವರ್ಷ ತಾನು ನೋಡಿದ ರೋಗಿಗಳ ಔಷಧಿಗಳನ್ನು ಇನ್ನೊಬ್ಬರಿಂದ ಪರಿಶೀಲನೆ ಮಾಡಿಸಬೇಕು, ಕಾರಣವನ್ನು ಬಂದು ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಆ ಕಡೆಯವರು ಏನೋ ಬೇಡವೆಂದಿರಬೇಕು. "ನೋ, ಮಂಡೇ" ಎಂದು ಇಟ್ಟುಬಿಟ್ಟರು.

ನಾನು ಅತ್ತೆ. ಅಳಬಾರದಿತ್ತು, ಆದರೆ ಅತ್ತೆ. ಮೂಗು ಒರೆಸಿಕೊಂಡು, ಇನ್ನೊಂದು ದಾರಿಯೂ ಉಂಟು ಎಂದೆ. ವಿಶೇಷ ಪರಿಸ್ಥಿತಿಯಲ್ಲಿ ಹೀಗಾಯಿತು ಎಂದು ಅರ್ಜಿ ಹಾಕಿದರೆ, ಅದನ್ನು ಒಪ್ಪಿ ಆ ಹಣವನ್ನು ಲೆಕ್ಕಕ್ಕೇ ಹಿಡಿಯದೆ ಬಿಡುವ ಅಧಿಕಾರ ಟ್ಯಾಕ್ಸ್ ಆಫೀಸಿಗೆ ಇದೆ. ಸಿಕ್ಕೇಬಿಡುತ್ತದೆ ಎಂದು ಹೇಳಲಾಗದು. ಆದರೆ ಇಂಥ ಕಾರಣ ಇದ್ದರೆ ಕೇಳಬಹುದು.

"ಕಾರಣ ಏನು ಅಂತ ಬರೀತೀರಾ?"

"ನೆನಪಿನ ತೊಂದರೆ ಅಂತ."

ಅವರು ನಕ್ಕುಬಿಟ್ಟರು. "ನೆನಪು ಹೋಗೋದು ಸ್ಪೆಷಲ್ ಅಲ್ಲಮ್ಮ. ನನ್ನ ಕ್ಲಿನಿಕ್ಕಲ್ಲಿ ವಾರಕ್ಕೆ ಎಷ್ಟು ಜನ ನೋಡ್ತಿದ್ದೆ. ಅದು ಭಾರಿ ಕಾಮನ್. ಟ್ಯಾಕ್ಸ್ ಕಟ್ಟಿಬಿಡೋಣ."

ಹೊರಡುವಾಗ, ಮಗು ಹುಟ್ಟುವವರೆಗೆ ಆಂಟಿಗೂ ಮಗಳಿಗೂ ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಮಾತು ತೆಗೆದುಕೊಂಡರು. ಗಿರಾಕಿಯ ಮಾತು. ಒಪ್ಪದೆ ಬೇರೆ ದಾರಿಯಿರಲಿಲ್ಲ.

ಎರಡು ದಿನಕ್ಕೆ ಆಂಟಿಯ ಫೋನ್ ಬಂತು. "ನೀವು ಮನೆಗೆ ಹೋಗಿದ್ರಂತೆ. ಏನ್ ವಿಷಯ ರೀ? ಕೇಳಿದ್ರೆ ಟ್ಯಾಕ್ಸ್ ಅಂತಾರೆ." ನಾನು ಟ್ಯಾಕ್ಸೇ ಎಂದೆ. ಅವರಿಗೆ ತಡೆಯಲಾಗಲಿಲ್ಲ. "ನಿಮ್ಮ ಹತ್ರ ಹೇಳ್ತೀನಿ, ಬೇರೆ ಯಾರ ಹತ್ರ ಹೇಳ್ಕೊಳ್ಳಲಿ. ಮಗಳಿಗೆ ದುಡ್ಡು ಕೊಡ್ತೀನಿ ಅಂತ ಮಾತು ಕೊಟ್ರು. ಅವರು ಅದನ್ನ ನಂಬ್ಕೊಂಡು ಮನೆಗೆ ಮುಂಗಡ ಕೊಟ್ರು. ಇವರು ಕಳಿಸಲಿಲ್ಲ. ಆ ಮನೆ ಕೈತಪ್ಪಿ ಹೋಯ್ತು, ಮುಂಗಡಾನೂ ಹೋಯ್ತು. ಕೇಳಿದ್ರೆ ಕಳಿಸಿದೀನಿ ಅಂತಾರೆ. ಬಂದಿಲ್ಲ ಅಂದ್ರೆ ಕೂಗಾಡ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಮಗಳ ಮುಂದೆ ಸುಳ್ಳು ಹೇಳೋ ಮನುಷ್ಯ ಅಂತ ಅಂದ್ಕೊಂಡಿರಲಿಲ್ಲ. ಬಾಣಂತನ ಒಂದು ನೆಪ ರೀ. ನಂಗೆ ಅವರ ಮುಖ ನೋಡೋಕೆ ಆಗದೆ ಇಲ್ಲಿಗೆ ಬಂದ್ಬಿಟ್ಟೆ."

ಫೋನಿನ ಈ ತುದಿಯಲ್ಲಿ ನನಗೆ ಎಲ್ಲ ಗೊತ್ತಿತ್ತು, ಬಾಯಿ ಬಿಡುವಂತಿರಲಿಲ್ಲ. "ಆಂಟಿ, ಅವರು ಸುಳ್ಳು ಹೇಳುವವರಲ್ಲ" ಎಂದಷ್ಟೇ ಹೇಳಿದೆ. ಫೋನ್ ಇಟ್ಟು ನೇರ ಡಾಕ್ಟ್ರಿಗೆ ಮಾಡಿದೆ.

"ಡಾಕ್ಟ್ರೇ, ಮಗು ಹುಟ್ಟುವವರೆಗೆ ಕಾಯಬೇಡಿ. ನಿಮ್ಮ ಕಾಯಿಲೆ ಗೊತ್ತಾದರೆ ಅವರಿಗೆ ದುಃಖ ಆಗ್ತದೆ, ನಿಜ. ಈಗ ಅವರು ನಿಮ್ಮನ್ನು ಸುಳ್ಳ ಅಂತ ತಿಳ್ಕೊಂಡಿದ್ದಾರೆ."

"ಟಿಕೆಟ್ ನೀವೇ ಬುಕ್ ಮಾಡ್ಕೊಡಿ" ಅಂದರು. "ನಾನು ಮಾಡಿದ್ರೆ ಎರಡು ಮಾಡ್ತೀನೇನೋ."

ಬ್ರಿಸ್ಬೇನ್‌ನಲ್ಲಿ ಏನಾಯಿತು ಎಂಬುದನ್ನು ಆಂಟಿ ಆಮೇಲೆ ಹೇಳಿದರು. ಬಾಡಿಗೆ ಮನೆಯ ಸಣ್ಣ ಹಾಲಿನಲ್ಲಿ ಹೆಂಡತಿಯನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು, ರೋಗಿಯ ಮನೆಯವರಿಗೆ ಹೇಳುವ ರೀತಿಯಲ್ಲೇ ಹೇಳಿದರಂತೆ. ರೋಗಿ ತಾನೇ ಎಂಬುದೊಂದು ಬಿಟ್ಟರೆ ಮಾತು, ದನಿ, ನಡುನಡುವೆ ನಿಲ್ಲಿಸಿ "ಅರ್ಥ ಆಯ್ತಾ?" ಎನ್ನುವುದು, ಎಲ್ಲ ಅದೇ. ಬ್ಯಾಂಕಿನ ಆ ಎರಡು ಸಾಲು ತೋರಿಸಿದರಂತೆ. ಮಗಳು ತನ್ನ ಹೆಸರು ನೋಡಿದಳು. "ಅಪ್ಪ, ಐ ಥಾಟ್ ಯೂ ಚೇಂಜ್ಡ್ ಯುವರ್ ಮೈಂಡ್" ಎಂದು ಒಂದೇ ಮಾತು ಆಡಿ, ಆ ತುಂಬು ಹೊಟ್ಟೆಯನ್ನು ಹೊತ್ತುಕೊಂಡೇ ಬಂದು ಅವರ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟಳು. ಮೇಲೆ ಏಳಿಸಲು ಅಳಿಯನೂ ಬಂದು ಮೂವರೂ ಕೈ ಕೊಡಬೇಕಾಯಿತು ಎಂದು ಹೇಳುವಾಗ ಆಂಟಿ ಅಳುತ್ತಲೇ ನಕ್ಕರು.

ಪರೀಕ್ಷೆಗೆ ಅವರು ಪರ್ತ್‌ನಲ್ಲಿ ಒಪ್ಪಲಿಲ್ಲ. "ಇಲ್ಲಿ ನೆನಪಿನ ಪರೀಕ್ಷೆ ಮಾಡೋರೆಲ್ಲ ನನ್ನ ಕೈಕೆಳಗೆ ಕಲಿತೋರು. ಪಾಪ, ಮೇಷ್ಟ್ರಿಗೆ ಮಾರ್ಕ್ಸ್ ಹೆಂಗೆ ಕಳೀತಾರೆ?" ಗುರುತಿಲ್ಲದ ಒಬ್ಬ ಡಾಕ್ಟರನ್ನು ಅಡಿಲೇಡ್‌ನಲ್ಲಿ ಹುಡುಕಿ, ಆಂಟಿಯ ಜೊತೆ ಹೋದರು. ಆ ಚಿಕ್ಕ ವಯಸ್ಸಿನ ಡಾಕ್ಟರು ಕಾಗದ ಹೊರತೆಗೆದದ್ದೇ ಇವರು ತಡೆದರಂತೆ. ಇದರಲ್ಲಿರುವ ಪದಗಳೆಲ್ಲ ನನಗೆ ಬಾಯಿಪಾಠ, ಇದರಲ್ಲಿ ನಾನು ಪಾಸಾದರೆ ನೀವು ಮೋಸ ಹೋಗುತ್ತೀರಿ, ನಾನು ಕಾಣದ ಬೇರೆ ಏನಾದರೂ ತನ್ನಿ ಎಂದರಂತೆ. ಡಾಕ್ಟರು ಬೇರೆ ತಂದರು. ಇವರು ಪಾಸಾಗಲಿಲ್ಲ. ಮರೆವಿನ ಕಾಯಿಲೆಯ ಮೊದಲ ಹಂತ. ವೈದ್ಯಕೀಯ ಮಂಡಳಿಗೆ ತಾವೇ ತಿಳಿಸಿ ಲೈಸೆನ್ಸ್ ಬಿಟ್ಟುಕೊಟ್ಟರು. ಅವರ ಒಂದು ವರ್ಷದ ರೋಗಿಗಳ ಔಷಧಿಗಳನ್ನು ಪರಿಶೀಲಿಸಿದವರಿಗೆ ಯಾರಿಗೂ ತೊಂದರೆ ಮಾಡುವಂಥ ತಪ್ಪು ಸಿಗಲಿಲ್ಲ. ಅದನ್ನು ನನಗೆ ಹೇಳಲು ಅವರು ಸದರ್ನ್ ರಿವರ್‌ವರೆಗೆ ಬಂದರು, ಆಂಟಿ ಕಾರು ಓಡಿಸಿದರು. ಅಷ್ಟು ಹಗುರವಾದ ಮುಖವನ್ನು ನಾನು ಆ ವರ್ಷ ಬೇರೆಲ್ಲೂ ನೋಡಲಿಲ್ಲ.

ಹೆಚ್ಚಾದ ಹಣವನ್ನು ಬಿಡಿಸುವ ಕೆಲಸ ನನ್ನದು. ನಾವು ತೆಗೆಯುತ್ತೇವೆಂದು ತಿಳಿಸಿದೆವು. ಟ್ಯಾಕ್ಸ್ ಆಫೀಸು ಫಂಡಿಗೆ ಆದೇಶ ಕಳಿಸಿತು. ಫಂಡು ಹಣವನ್ನು ಟ್ಯಾಕ್ಸ್ ಆಫೀಸಿಗೆ ಕಳಿಸಿತು. ಅವರು ತಮ್ಮ ಟ್ಯಾಕ್ಸ್ ಹಿಡಿದುಕೊಂಡು ಉಳಿದದ್ದನ್ನು ಡಾಕ್ಟ್ರ ಖಾತೆಗೆ ಹಾಕಿದರು. ಹೋದದ್ದು ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ. ಇಷ್ಟು ಸುಲಭವಾಗಿ ಸರಿಹೋಗುವಂಥದ್ದಕ್ಕೆ ಒಂದು ಮನೆಯವರು ವರ್ಷವಿಡೀ ಮಾತು ಬಿಟ್ಟಿದ್ದರಲ್ಲ ಎಂದು ಸಂಕಟವಾಯಿತು. ಫಂಡಿನ ಆ ಹುಡುಗಿಯ ಹೆಸರು ಕಂಡುಹಿಡಿದು ಕ್ಷಮೆ ಕೇಳಿದ ಮೇಲೆಯೇ ಡಾಕ್ಟ್ರು ಆ ಅಧ್ಯಾಯ ಮುಚ್ಚಿದ್ದು. ಅವಳು ಯಾವ ಜಗಳ ಎಂದೇ ಮರೆತಿದ್ದಳಂತೆ. "ನೋಡಿ, ಅವಳಿಗೂ ಶುರುವಾಗಿದೆ" ಎಂದು ನನಗೆ ಹೇಳಿ ನಕ್ಕರು.

ಮಗಳಿಗೆ ಹಣ ಕಳಿಸುವ ದಿನ ನಾನೂ ಆಂಟಿಯೂ ಪಕ್ಕದಲ್ಲಿದ್ದೆವು. ಅವರೇ ಒತ್ತಬೇಕು ಎಂದು ಆಂಟಿಯ ಹಟ. ಅವರು ಮಗಳ ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿ, ನಮ್ಮಿಬ್ಬರ ಮುಖ ನೋಡಿ, ಒತ್ತಿದರು. ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲೇ ಬೇರೊಂದು ಮನೆ ಸಿಕ್ಕಿತು. ಹಿಂದೆ ಒಂದು ಕೋಣೆ, ಒಂದು ಸ್ನಾನದ ಮನೆ ಸೇರಿಸಿ ಕಟ್ಟಿಸಿ ಅಪ್ಪ ಅಮ್ಮನನ್ನು ಮಗಳು ಕರೆಸಿಕೊಂಡಳು. ಎಲೆನ್‌ಬ್ರೂಕ್‌ನ ಮನೆ ಬೇರೆಯವರದಾಯಿತು. ಆಮೇಲಿನ ವರ್ಷಗಳಲ್ಲಿ ಅವರು ಸಿಕ್ಕಸಿಕ್ಕ ಕನ್ನಡದವರ ಹತ್ತಿರ ತಮ್ಮ ಕಥೆ ಹೇಳುತ್ತಿದ್ದರಂತೆ. ಮನೆಯಲ್ಲಿ ಹಿರಿಯರು ದುಡ್ಡಿನಲ್ಲಿ ಎಡವಿದರೆ ಬೈಯುವ ಮೊದಲು ಡಾಕ್ಟರಿಗೆ ತೋರಿಸಿ ಎನ್ನುವುದು. ಕೇಳಿದವರಿಗೇ ಮತ್ತೆ ಮತ್ತೆ ಹೇಳುವಷ್ಟಾದರೂ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಕಳೆದ ಚಳಿಗಾಲದಲ್ಲಿ. ಬ್ರಿಸ್ಬೇನ್‌ನಲ್ಲಿ ಒಂದು ಕೆಲಸವಿತ್ತು, ಸಂಜೆ ವಾಪಸ್ ವಿಮಾನಕ್ಕೆ ಮೊದಲು ಅವರ ಮನೆಗೆ ಹೋದೆ. ಬಿಸಿಲಿಗೆ ವರಾಂಡದಲ್ಲಿ ಕೂತಿದ್ದರು. ಮೈ ಅರ್ಧಕ್ಕೆ ಇಳಿದಿತ್ತು. ನನ್ನನ್ನು ಕಂಡು ಎದ್ದು ನಿಂತರು. ನಾನು ಯಾರೆಂದು ಗೊತ್ತಾಗಲಿಲ್ಲ, ಯಾರೋ ಮನೆಗೆ ಬಂದವರು ಎಂಬುದು ಮಾತ್ರ ಗೊತ್ತಾಯಿತು. ಕೂರಿಸಿದರು. ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಎಂದು ವಿಚಾರಿಸಿದರು. ಆಂಟಿ ಕಾಫಿ ತಂದುಕೊಟ್ಟರು. ಕುಡಿದು ಲೋಟ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಡಾಕ್ಟ್ರು ಗಾಬರಿಯಾಗಿ, "ನಿಮಗೆ ಕಾಫಿ ಕೊಟ್ರಾ?" ಎಂದು ಕೇಳಿದರು.

ಕೊಟ್ಟರು ಎನ್ನಲು ಹೊರಟವಳು ಅವರ ಮುಖ ನೋಡಿ, "ಇಲ್ಲ ಡಾಕ್ಟ್ರೇ" ಎಂದೆ.

ಅವರಿಗೆ ಅವಮಾನವಾಯಿತು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, "ಏನ್ರೇ ಇದು, ಅಷ್ಟು ದೂರದಿಂದ ಬಂದಿದಾರೆ, ಒಂದು ಕಾಫಿ ಕೊಡಬಾರ್ದಾ?" ಎಂದು ಒಳಗೆ ಕೂಗಿದರು. ಮಗಳು ಇನ್ನೊಂದು ಲೋಟ ತಂದು, ಕಣ್ಣಲ್ಲೇ ಕ್ಷಮೆ ಕೇಳಿ ಹೋದಳು. ನಾನು ಅದನ್ನು ಕುಡಿಯುವುದನ್ನು ಡಾಕ್ಟ್ರು ಬಹಳ ತೃಪ್ತಿಯಿಂದ ನೋಡುತ್ತಿದ್ದರು. ಟ್ಯಾಕ್ಸಿ ಬರುವ ಹೊತ್ತಿಗೆ ಅವರು ಮತ್ತೆ ಕೇಳಿದರು. ಮೂರನೆಯದನ್ನೂ ಕುಡಿದೇ ಹೊರಟೆ.

ಪರ್ತ್‌ವರೆಗಿನ ಆ ಉದ್ದದ ಹಾರಾಟದಲ್ಲಿ ನನಗೆ ಒಂದು ಚೂರೂ ನಿದ್ದೆ ಬರಲಿಲ್ಲ. ಕಾಫಿಯಿಂದ ಎಂದೇ ಮನೆಯಲ್ಲಿ ಹೇಳಿದೆ.